ಪರದೆ ಬೀಳುವವರೆಗೆ

ಮಾರ್ಚ್ ೪

ಪ್ರೀತಿಯ ಜೀರುಂಡೆ,

ಹದಿಮೂರು ಸಲ ಫೋನ್ ಮಾಡಿದೆ. ಹದಿನಾಲ್ಕನೆಯ ಸಲ ಚಿಕ್ಕಮ್ಮ ಎತ್ತಿ, "ಅವಳು ಮಾತಾಡಲ್ವಂತೆ ಕಣೇ. ಹೇಳೋದಿದ್ರೆ ಕಾಗದ ಬರೀಬೇಕಂತೆ" ಅಂದಳು. ಸರಿ, ಬರೆಯುತ್ತಿದ್ದೇನೆ. ಹನ್ನೊಂದು ವರ್ಷದಿಂದ ಸ್ಟೇಜ್ ಮ್ಯಾನೇಜರ್ ಆಗಿ ನಾನು ಬರೆದದ್ದೆಲ್ಲ ಯಾರು ಎಡಗಡೆಯಿಂದ ಬರಬೇಕು, ಯಾವ ದೀಪ ಯಾವಾಗ ಆರಬೇಕು ಅನ್ನುವುದೇ. ಈ ಪತ್ರವೂ ಹಾಗೇ ಇದ್ದರೆ ಹೊಟ್ಟೆಗೆ ಹಾಕಿಕೋ.

ಇಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ಅವತ್ತು ಕಿಟಕಿಯ ದೃಶ್ಯದಲ್ಲಿ ನೀನು ಮೂರು ನಿಮಿಷ ಮಾತಿಲ್ಲದೆ ನಿಂತದ್ದು ನಾಟಕದಲ್ಲೇ ಇದೆ ಎಂದು ಪ್ರೇಕ್ಷಕರು ತಿಳಿದರು. ಒಬ್ಬರಂತೂ ಹೊರಗೆ ಹೋಗುವಾಗ "ಅಬ್ಬಾ, ಏನು ಮೌನ ರೀ ಅದು!" ಅನ್ನುತ್ತಿದ್ದರು. ನಾನು ಪರದೆ ಎಳೆಸಿದ ಮೇಲೆ ನೀನು ಕುಸಿದದ್ದು, ಮೂವರು ಹಿಡಿದು ಎತ್ತಿದ್ದು ನಮಗಷ್ಟೇ ಗೊತ್ತು. ಅದಕ್ಕೆ ನಾಚಿಕೆಪಡಬೇಡ.

ನಾಟಕ ಆಡಿಸುವಾಗ ಸಿಡುಕುವ ನಮ್ಮ ಮೇಷ್ಟ್ರೇ ದೊಡ್ಡ ಮನಸ್ಸು ಮಾಡಿದ್ದಾರೆ. ಮೂರು ತಿಂಗಳು ವಿಶ್ರಾಂತಿ ತಗೊಳ್ಳಲಿ ಅಂದರು. ಕೌನ್ಸೆಲರ್ ಕೂಡ ಹಾಗೇ ಹೇಳಿದರಂತೆ. ಆರು ಸಲ ಅವರ ಹತ್ತಿರ ಹೋಗಿ ಕೂತು ಮಾತಾಡಿದೆಯಲ್ಲ, ಒಳ್ಳೆಯದೇ ಆಯಿತು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಕಲಾವಿದರ ಮನಸ್ಸಿಗೂ ಒಂದು ಆಸರೆ ಬೇಕು ಅಂತ ಯೋಜನೆ ಮಾಡಿದ ಸಂಸ್ಥೆ ಇಡೀ ಊರಲ್ಲಿ ನಮ್ಮದೊಂದೇ. ನಿನ್ನ ಪಾತ್ರವನ್ನು ಸದ್ಯಕ್ಕೆ ಹೊಸ ಹುಡುಗಿ ಮಾಡುತ್ತಾಳೆ. ಸದ್ಯಕ್ಕೆ ಮಾತ್ರ.

ಚೆನ್ನಾಗಿ ಊಟ ಮಾಡು. ಫೋನ್ ಎತ್ತು.

ನಿನ್ನ
ಅಕ್ಕ

—

ಮಾರ್ಚ್ ೧೫

ಅಕ್ಕಾ,

ಫೋನ್ ಎತ್ತುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನೀನು ಹೇಳಿದಂತೆ ಕೇಳಿಬಿಡುತ್ತೇನೆ. ಏಳು ವರ್ಷದ ಅಭ್ಯಾಸ. ನೀನು ಕತ್ತಲಲ್ಲಿ ಕೂತು "ಹೋಗು" ಅಂದರೆ ನಾನು ಬೆಳಕಿಗೆ ಹೋಗುತ್ತಿದ್ದೆ.

ದೊಡ್ಡ ಮನಸ್ಸಂತೆ! ಮೇಷ್ಟ್ರ ದೊಡ್ಡ ಮನಸ್ಸಿನ ವಿಚಾರ ನಾನು ಹೇಳುತ್ತೇನೆ, ಕೇಳು. ನೀನೂ ಅಲ್ಲೇ ಇದ್ದೆ, ಆದರೂ ಕೇಳು.

ಅಕ್ಟೋಬರಿನಲ್ಲಿ ಅಪ್ಪ ಸತ್ತಾಗ ನಾನು ನಗೆನಾಟಕದಲ್ಲಿ ಮೀಸೆ ಅಂಟಿಸಿಕೊಂಡು ಕುಣಿಯುತ್ತಿದ್ದೆ. ಪರದೆ ಬಿದ್ದ ಮೇಲೆ ನೀನು ಬಂದು ಹೇಳಿದೆ. ಆಸ್ಪತ್ರೆಗೆ ಓಡಿದಾಗ ಅಪ್ಪನ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ನನ್ನ ಒಂದು ಕಡೆಯ ಮೀಸೆ ಇನ್ನೂ ಹಾಗೇ ಇತ್ತು, ನೆನಪಿದೆಯಾ? ನರ್ಸ್ ಒಬ್ಬಳು ನೋಡಿ ಮುಖ ತಿರುಗಿಸಿಕೊಂಡಳು.

ಅದಾಗಿ ಹದಿನೆಂಟನೆಯ ದಿನ ಹೊಸ ನಾಟಕದ ತಾಲೀಮು. ಗಂಡನಿಗಾಗಿ ಕಾಯುವ ಹೆಂಗಸು, ಅವನು ಸತ್ತ ಸುದ್ದಿ ಬರುತ್ತದೆ. ನನಗೆ ಅಳು ಬರಲಿಲ್ಲ. ಮೇಷ್ಟ್ರು ಹತ್ತಿರ ಬಂದು ಕಿವಿಯಲ್ಲಿ ಹೇಳಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಗಂಡನ್ನ ಬಿಡು. ನಿಮ್ಮಪ್ಪ ಅಲ್ಲಿ ಮಲಗಿದಾನೆ. ನಿನ್ನ ಹೆಸರು ಕರೀತಿದಾನೆ. ನೀನು ಬಣ್ಣ ಬಳ್ಕೊಂಡು ಜನನ್ನ ನಗಿಸ್ತಿದೀಯ. ಹಾಂ, ಈಗ ಹೇಳು ಮಾತು!"

ಹೇಳಿದೆ. ಎಲ್ಲರೂ ಅತ್ತರು. ನೀನು ಮೂರನೆಯ ಸಾಲಿನ ಮೇಜಿನಲ್ಲಿ ತಲೆ ಬಗ್ಗಿಸಿ ಏನೋ ಬರೆದುಕೊಂಡೆ. ಆಮೇಲೆ ನಾನು ಆ ಪುಟ ತೆಗೆದು ನೋಡಿದೆ. "ಇಲ್ಲಿ ಮೌನ, ಆರು ಸೆಕೆಂಡ್. ಚೆನ್ನಾಗಿದೆ. ಇದನ್ನೇ ಉಳಿಸಿಕೊಳ್ಳುವುದು." ನಿನ್ನ ದುಂಡಾದ ಅಕ್ಷರ.

ಅಲ್ಲಿಂದ ಮೂವತ್ತೊಂದು ಪ್ರದರ್ಶನ. ಮೂವತ್ತೊಂದು ಸಲ ಅಪ್ಪನನ್ನು ಸಾಯಿಸಿ ಚಪ್ಪಾಳೆ ತಗೊಂಡೆ.

ಇನ್ನು ನಿನ್ನ ಕೌನ್ಸೆಲರ್. ಮೊದಲ ದಿನ ಆಕೆ ಅಂದಳು, "ಇಲ್ಲಿ ಆಡಿದ ಮಾತು ಈ ನಾಲ್ಕು ಗೋಡೆ ದಾಟಲ್ಲಮ್ಮ. ನಿಶ್ಚಿಂತೆಯಾಗಿ ಹೇಳಿ." ನಾನು ನಂಬಿದೆ. ಐದನೆಯ ಸಲ ಅಂದೆ, ವೇದಿಕೆ ಮೇಲೆ ನಿಂತಾಗ ಕುತ್ತಿಗೆವರೆಗೆ ನೀರಲ್ಲಿ ನಿಂತ ಹಾಗಾಗುತ್ತೆ ಅಂತ. ಎರಡು ದಿನ ಬಿಟ್ಟು ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಏನಮ್ಮ, ಇವತ್ತು ನೀರು ಎಲ್ಲೀವರೆಗಿದೆ? ಸೊಂಟಕ್ಕೋ ಕುತ್ತಿಗೆಗೋ?" ಅಂದು ನಕ್ಕರು.

ನಾಲ್ಕು ಗೋಡೆಗೆ ಎಷ್ಟು ಬಾಗಿಲುಗಳಿವೆ ಅಕ್ಕಾ? ಸಂಸ್ಥೆಗೆ ಬರುವ ಪ್ರತಿಯೊಂದು ಕಾಗದವೂ ನಿನ್ನ ಮೇಜು ದಾಟಿಯೇ ಮೇಷ್ಟ್ರ ಕೋಣೆಗೆ ಹೋಗುವುದು. ಆಕೆ ನನ್ನ ಬಗ್ಗೆ ಬರೆದು ಕಳಿಸಿದ ವರದಿಯನ್ನು ನೀನು ಓದಿದೆಯಾ?

ಹೌದು ಅಥವಾ ಇಲ್ಲ. ಊಟದ ವಿಚಾರ ಬೇಡ.

ತಂಗಿ

—

ಮಾರ್ಚ್ ೨೭

ನಿನ್ನ ಪತ್ರ ಓದಿ ಎರಡು ಸಲ ಹರಿದುಹಾಕಬೇಕು ಅನಿಸಿತು.

ವರದಿ ನನ್ನ ಮೇಜಿಗೆ ಬಂತು. ಬಂದದ್ದಕ್ಕೆ ಸಹಿ ಹಾಕಿದೆ. ಲಕೋಟೆ ಒಳಗೆ ಕಳಿಸಿದೆ. ಓದಲಿಲ್ಲ. ಉತ್ತರ ಸಿಕ್ಕಿತಾ?

ಈಗ ನಾನೂ ಕೇಳುತ್ತೇನೆ. ಅಪ್ಪ ನಿನಗೊಬ್ಬಳಿಗೇ ಅಪ್ಪನಾ? ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ, ನನಗೆ ಹದಿನೇಳು. ಆವಾಗಿಂದ ನಿನ್ನ ಜಡೆ ಹೆಣೆದದ್ದು, ನಿನ್ನ ಸ್ಕೂಲಿಗೆ ಬಂದು ಟೀಚರ ಹತ್ತಿರ ಬೈಸಿಕೊಂಡದ್ದು, "ನಮ್ಮ ತಂಗಿ ಚೆನ್ನಾಗಿ ಆಕ್ಟ್ ಮಾಡ್ತಾಳೆ, ಒಂದು ಸಲ ನೋಡಿ ಸರ್" ಅಂತ ಮೇಷ್ಟ್ರ ಮುಂದೆ ಹಲ್ಲು ಗಿಂಜಿದ್ದು ಯಾರು? ಅಪ್ಪ ಸತ್ತ ಮರುದಿನ ಸಂಜೆ ಪ್ರದರ್ಶನ ರದ್ದು ಅಂತ ಗೇಟಿಗೆ ಒಂದು ಬೋರ್ಡ್ ಬರೆದು ತೂಗುಹಾಕಿದವಳು ನಾನು. ಮೂರನೆಯ ದಿನ ಮತ್ತೆ ಹೋಗಿ ಅದನ್ನು ತೆಗೆದವಳೂ ನಾನೇ. ನಿನಗೆ ಅಳುವುದಕ್ಕೆ ಒಂದು ವೇದಿಕೆಯಿತ್ತು, ಬೆಳಕಿತ್ತು, ನೋಡಿ ಅಯ್ಯೋ ಅನ್ನುವ ಮುನ್ನೂರು ಜನರಿದ್ದರು. ನನಗೆ ಏನಿತ್ತು? ಸೈಡ್‌ವಿಂಗಿನ ಕತ್ತಲು. ಅಲ್ಲಿ ಮೂಗು ಸೀಟುವ ಹಾಗೂ ಇಲ್ಲ, ಹೆಡ್‌ಸೆಟ್ಟಿನಲ್ಲಿ ಕೆಲಸದವರು ಇಪ್ಪತ್ತೆರಡು ಜನರ ಕಿವಿಗೆ ಕೇಳಿಸುತ್ತದೆ. ನಾನೇನು ಹೆಡ್‌ಸೆಟ್ ಹಾಕಿದ ಮರದ ಗೊಂಬೆಯಲ್ಲ.

ಆ ಆರು ಸೆಕೆಂಡ್ ಬರೆದದ್ದು ನಿಜ. ಬರೆಯುವುದು ನನ್ನ ಕೆಲಸ. ಬರೆಯದೆ ಇದ್ದರೆ ನಿನ್ನನ್ನು ನೋಡಬೇಕಾಗುತ್ತಿತ್ತು.

ಮೇಷ್ಟ್ರು ಒರಟ. ಯಾವ ಮೇಷ್ಟ್ರು ಒರಟಲ್ಲ? ನಿನ್ನಿಂದ ಅಂಥ ಅಭಿನಯ ತೆಗೆದದ್ದೂ ಅವರೇ.

ಅಕ್ಕ

—

ಏಪ್ರಿಲ್ ೮

ಮಾನ್ಯರೇ,

ತಮ್ಮ ಮನೋಸ್ವಾಸ್ಥ್ಯದ ಹಿತದೃಷ್ಟಿಯಿಂದಲೂ, ತಜ್ಞರ ವರದಿಯನ್ನು ಪರಿಶೀಲಿಸಿದ ಮೇರೆಗೂ, ತಮ್ಮನ್ನು ಸದರಿ ನಾಟಕದ ಪಾತ್ರದಿಂದ ಹಾಗೂ ಮುಂದಿನ ರಂಗವರ್ಷದ ಎಲ್ಲ ಪಾತ್ರಗಳಿಂದ ಬಿಡುಗಡೆಗೊಳಿಸಲು ಆಡಳಿತ ಸಮಿತಿಯು ತೀರ್ಮಾನಿಸಿರುತ್ತದೆ. ತಾವು ಇದನ್ನು ಶಿಕ್ಷೆಯೆಂದು ಭಾವಿಸದೆ ಕಾಳಜಿಯೆಂದು ಭಾವಿಸತಕ್ಕದ್ದು.

ಕಲಾವಿದರ ಮನೋಸ್ವಾಸ್ಥ್ಯ ಬೆಂಬಲ ಯೋಜನೆಯ ಮೊದಲ ಫಲಾನುಭವಿ ತಾವಾಗಿರುವುದರಿಂದ, ಯೋಜನೆಯ ಪರಿಚಯ ಪುಸ್ತಿಕೆಯಲ್ಲಿ ತಮ್ಮ ಭಾವಚಿತ್ರವನ್ನು ಅಚ್ಚುಹಾಕಲು ಲಿಖಿತ ಒಪ್ಪಿಗೆಯನ್ನು ಕಳುಹಿಸಿಕೊಡಬೇಕಾಗಿ ಕೋರಿದೆ. ಭಾವಚಿತ್ರವು ನಗುಮುಖದ್ದಾಗಿರಲಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ

—

ಏಪ್ರಿಲ್ ೧೯

ಅಕ್ಕಾ,

ನಿಮ್ಮ ಕಾರ್ಯದರ್ಶಿಯ ಪತ್ರವನ್ನು ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನಗುಮುಖದ್ದಾ?" ಅಂತ ಮತ್ತೆ ಮತ್ತೆ ಕೇಳಿದಳು. ಕೊನೆಗೆ, "ಅವನ ಮುಖಕ್ಕಿಷ್ಟು!" ಅಂದಳು. ಮೂರು ತಿಂಗಳಲ್ಲಿ ನಾನು ಮೊದಲ ಸಲ ನಕ್ಕೆ. ಅದರ ಭಾವಚಿತ್ರ ಯಾರೂ ತೆಗೆಯಲಿಲ್ಲ.

ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಪ್ರತಿ ಮಂಗಳವಾರ ಹೋಗುತ್ತಿದ್ದೇನೆ. ಬೆಂಚಿನ ಮೇಲೆ ಎರಡು ತಾಸು ಕಾಯಬೇಕು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್, ಒಬ್ಬಳು ಬಾಣಂತಿ, ಪರೀಕ್ಷೆಯಲ್ಲಿ ಫೇಲಾದವನು. ಡಾಕ್ಟರಮ್ಮನಿಗೆ ನಾಟಕದ ಗಂಧಗಾಳಿ ಇಲ್ಲ. "ಆಕ್ಟಿಂಗಾ? ಯಾವ ಸೀರಿಯಲ್ಲು?" ಅಂದಳು. ಎಷ್ಟು ಹಾಯಾಯಿತು ಗೊತ್ತಾ! ಮೇಷ್ಟ್ರ ವಿಚಾರ ಕೇಳಿ, "ಅಲ್ಲ, ಅವರು ನಿಮ್ಮ ಗಾಯದ ಮೇಲೆ ಬೆರಳಿಟ್ಟು ಒತ್ತಿ, ಕಿರುಚಿದ್ದನ್ನ ಟಿಕೆಟ್ ಇಟ್ಟು ತೋರಿಸಿದ್ರು ಅಂತೀರಿ. ಹೌದು ತಾನೆ?" ಅಂದಳು. ಹೌದು ಅಂದೆ. ಅಷ್ಟು ನೇರವಾಗಿ ನಮ್ಮವರು ಒಬ್ಬರೂ ಹೇಳಿರಲಿಲ್ಲ. ಮಾತ್ರೆ ಕೊಟ್ಟಿದ್ದಾಳೆ. ನಿದ್ದೆ ಬರುತ್ತಿದೆ. ನನ್ನ ಫೈಲನ್ನು ಬೀರುವಿಗೆ ಹಾಕಿ ಬೀಗ ಹಾಕುವುದನ್ನು ನಾನು ನಿಂತು ನೋಡಿ ಬರುತ್ತೇನೆ. ಅವಳೇ ಬೀಗ ಜಗ್ಗಿ ತೋರಿಸುತ್ತಾಳೆ.

ಈಗ ನಿನ್ನ ಪತ್ರ.

ಓದಲಿಲ್ಲ ಅಂತ ಬರೆದೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ, "ಹೆಡ್‌ಸೆಟ್ ಹಾಕಿದ ಮರದ ಗೊಂಬೆಯಲ್ಲ" ಅಂತ ಬರೆದೆ. ಆ ಮಾತು ನಿನ್ನದಲ್ಲ ಅಕ್ಕಾ, ನನ್ನದು. ನನ್ನ ಬಾಯಿಂದ ಅದು ಬಂದದ್ದು ಒಂದೇ ಸಲ, ಆ ಕೌನ್ಸೆಲರ್ ಮುಂದೆ.

ಎಷ್ಟು ಸಲ ಓದಿದೆ? ಬಾಯಿಪಾಠ ಆಗುವಷ್ಟು?

ಹಾಗಾದರೆ ನಾನು ಅಲ್ಲಿ ಇನ್ನೊಂದು ಮಾತು ಹೇಳಿದ್ದೂ ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ನರ್ಸ್ ಮುಖ ತಿರುಗಿಸಿದಳು ಅಂದೆನಲ್ಲ, ತಿರುಗಿಸುವ ಮೊದಲು, "ಆಗಿಂದ ಫೋನ್ ಮಾಡ್ತಾನೇ ಇದ್ರು" ಅಂದಿದ್ದಳು. ಆಗಿಂದ ಅಂದರೆ ಎಷ್ಟೊತ್ತಿನಿಂದ? ನಿನ್ನನ್ನು ಕೇಳಲು ಧೈರ್ಯ ಬರಲಿಲ್ಲ. ನಿನ್ನ ಮೇಲೆ ಅನುಮಾನಪಟ್ಟರೆ ನನಗೆ ಇನ್ಯಾರೂ ಉಳಿಯುವುದಿಲ್ಲವಲ್ಲ ಅಂತ ಭಯ. ಆ ಭಯವನ್ನು ಆಕೆಯ ಮುಂದೆ ಇಟ್ಟೆ. ಆಕೆ ಬರೆದು ನಿಮ್ಮ ಕೈಗೆ ಕೊಟ್ಟಳು. ಪಾತ್ರ ಹೋದದ್ದು ನನ್ನ ಮನಸ್ಸು ಕೆಟ್ಟಿದ್ದಕ್ಕಲ್ಲ, ನಾನು ಈ ಪ್ರಶ್ನೆ ಕೇಳಿದ್ದಕ್ಕೆ.

ಮೊನ್ನೆ ಚಿಕ್ಕಮ್ಮನನ್ನು ಕೇಳಿದೆ. ಅವತ್ತು ಅಪ್ಪನ ಹತ್ತಿರ ಕೂತಿದ್ದವಳು ಅವಳೇ ತಾನೆ. ಅವಳು ಪಾಪ, ಬಟ್ಟೆ ಮಡಚುತ್ತಾ ಸಹಜವಾಗಿ ಹೇಳಿದಳು: "ಏಳೂ ಇಪ್ಪತ್ತಕ್ಕೆ ನಿಮ್ಮಕ್ಕನಿಗೆ ಫೋನ್ ಮಾಡಿದ್ನಲ್ಲೇ. ಉಸಿರು ಮೇಲಾಗ್ತಿದೆ, ಇಬ್ಬರೂ ಬನ್ನಿ ಅಂದೆ. ಹ್ಞೂಂ ಬರ್ತೀವಿ ಅಂದ್ಲು. ನಿನಗೆ ಹೇಳ್ಲಿಲ್ವಾ?"

ಅಪ್ಪ ಹೋದದ್ದು ಎಂಟೂ ನಲವತ್ತಕ್ಕೆ. ಪರದೆ ಬಿದ್ದದ್ದು ಒಂಬತ್ತಕ್ಕೆ. ಆಸ್ಪತ್ರೆಗೆ ಹದಿನೈದು ನಿಮಿಷದ ದಾರಿ.

ಬರೆ. ನಿನ್ನ ಕೆಲಸ ಬರೆಯುವುದು ತಾನೆ?

—

ಮೇ ೨

ಪತ್ರ ಸೇರಿತು. ಬರೆಯುತ್ತೇನೆ. ಈಗ ಆಗುತ್ತಿಲ್ಲ.

ಅಕ್ಕ

—

ಜೂನ್ ೧೧

ಜೀರುಂಡೆ,

ಹಾಗೆ ಕರೆಯುವ ಹಕ್ಕು ಇದೆಯೋ ಇಲ್ಲವೋ, ಬೇರೆ ಹೆಸರು ಬರುವುದಿಲ್ಲ.

ಏಳೂ ಇಪ್ಪತ್ತಕ್ಕೆ ಫೋನ್ ಬಂದದ್ದು ನಿಜ. ನೀನು ಮೀಸೆ ಹಾಕಿಕೊಂಡು ಮೇಜಿನ ಮೇಲೆ ಹತ್ತಿದ್ದೆ, ಜನ ಬಿದ್ದು ಬಿದ್ದು ನಗುತ್ತಿದ್ದರು. ಏಳೂ ಮೂವತ್ತೈದಕ್ಕೆ ವಿರಾಮ. ವಿರಾಮ ಆದ ತಕ್ಷಣ ಮೇಷ್ಟ್ರ ಹತ್ತಿರ ಓಡಿ ಹೇಳಿದೆ. ಅವರು, "ಪರದೆ ಬೀಳೋವರೆಗೆ ಬಾಯಿ ಬಿಡಬೇಡ. ಅವಳಿಲ್ದೆ ಎರಡನೇ ಅಂಕ ಇಲ್ಲ. ಮುದುಕರು ಹಿಂಗೆ ಹತ್ತು ಸಲ ಹೆದರಿಸ್ತಾರೆ" ಅಂದರು. ನಾನು ಹ್ಞೂಂ ಅಂದೆ. ಬಣ್ಣದ ಕೋಣೆಯ ಬಾಗಿಲಿಗೆ ಬಂದೆ. ನೀನು ಕನ್ನಡಿಯಲ್ಲೇ ನನ್ನನ್ನು ನೋಡಿ, "ಇವತ್ತು ಜನ ಎಷ್ಟು ಚೆನ್ನಾಗಿದಾರೆ ಅಲ್ವೇನೇ?" ಅಂದೆ. ನಾನು, "ಐದು ನಿಮಿಷ ಇದೆ" ಅಂದೆ.

ಅವರು ಹೇಳಿದರು ಅಂತ ತಪ್ಪಿಸಿಕೊಳ್ಳುವುದಿಲ್ಲ. ಅವರು ನನ್ನ ಬಾಯನ್ನು ಕೈಯಿಂದ ಮುಚ್ಚಿರಲಿಲ್ಲ. ನಾನೊಬ್ಬಳಾದರೂ ಹೋಗಬಹುದಿತ್ತು. ಹೋಗಲಿಲ್ಲ. ಎಂಟೂ ನಲವತ್ತಕ್ಕೆ ಫೋನ್ ಮತ್ತೆ ನಡುಗಿತು, ಜೇಬಿನಲ್ಲಿ. ಅದು ಯಾಕೆ ಅಂತ ಗೊತ್ತಾಯಿತು. ಆಮೇಲಿನ ಎಲ್ಲ ದೀಪಗಳನ್ನೂ ಸರಿಯಾದ ಹೊತ್ತಿಗೆ ಆರಿಸಿದೆ. ಒಂದೂ ತಪ್ಪಲಿಲ್ಲ. ಇದನ್ನು ಬರೆಯುವಾಗ ಅತಿ ಹೆಚ್ಚು ನಾಚಿಕೆಯಾಗುವುದು ಅದಕ್ಕೇ.

ನಿನ್ನ ವರದಿ ಓದಿದೆ. ಮೂರು ಸಲ. ನೀನು ನನ್ನನ್ನು ಹಿಡಿದುಬಿಟ್ಟಿದ್ದೀಯಾ ಅಂತ ನೋಡಲು.

ನಿನ್ನ ಪತ್ರ ಬಂದ ದಿನವೇ ಇದನ್ನೆಲ್ಲ ಬರೆಯಬೇಕಿತ್ತು. ಕೂತರೆ ಬರೀ ಸಬೂಬು ಬರುತ್ತಿತ್ತು. ಕಳೆದ ಬುಧವಾರ ಏನಾಯಿತು ಅಂತ ಹೇಳುತ್ತೇನೆ. ನೀನು ನನ್ನನ್ನು ಮೆಚ್ಚಬೇಕು ಅಂತಲ್ಲ, ನಿನಗೆ ಗೊತ್ತಿರಬೇಕು ಅಂತ.

ಕಿಟಕಿಯ ದೃಶ್ಯದ ತಾಲೀಮು. ಹೊಸ ಹುಡುಗಿಗೆ ಇನ್ನೂ ಇಪ್ಪತ್ತೆರಡು. ಅವಳಿಗೂ ಅಳು ಬರುತ್ತಿರಲಿಲ್ಲ. ಮೇಷ್ಟ್ರು ವೇದಿಕೆ ಹತ್ತಿ ಅವಳ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. "ನಿನಗೀಗ ಏಳು ವರ್ಷ. ಅಮ್ಮ ಸೂಟ್‌ಕೇಸ್ ಹಿಡ್ಕೊಂಡು ಗೇಟ್ ದಾಟ್ತಿದಾಳೆ. ಹಿಂದಕ್ಕೆ ತಿರುಗಿ ನೋಡ್ತಾಳಾ? ಇಲ್ಲ. ಕೂಗು!"

ಹುಡುಗಿ ಕೂಗಲಿಲ್ಲ. ಕಿಟಕಿ ಬಿಟ್ಟು ಅವರ ಕಡೆ ತಿರುಗಿದಳು. "ಸರ್, ಇದು ನಿಮಗೆ... ನಾನಿದನ್ನ ಕೌನ್ಸೆಲರ್ ಒಬ್ಬರಿಗೇ ಹೇಳಿದ್ದು" ಅಂದಳು.

"ಯಾರಿಗೆ ಹೇಳಿದ್ರೇನು, ಕಲೆಗೆ ತಾನೆ ಬಂತು? ಕೂಗು!"

ನನ್ನ ಕೈ ಪೆನ್ಸಿಲ್ ಹಿಡಿದಿತ್ತು. ಬರೆಯಲು ಹೊರಟಿತ್ತು ಅಂದರೆ ನಂಬುತ್ತೀಯಾ? ಪುಸ್ತಕ ಮುಚ್ಚಿದೆ. ಎದ್ದು ಹೋಗಿ ಸಭಾಂಗಣದ ಎಲ್ಲ ದೀಪಗಳನ್ನೂ ಹಾಕಿಬಿಟ್ಟೆ.

"ತಾಲೀಮು ಮುಗೀತು" ಅಂದೆ.

ಮೇಷ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರು ಹೇಳಿದ್ದು ಮುಗೀತು ಅಂತ?" ಅಂದರು.

"ನಾನು. ಶುರು ಮಾಡಿಸೋದು, ನಿಲ್ಲಿಸೋದು ನನ್ನ ಕೆಲಸ. ನಿಲ್ಲಿಸಿದೀನಿ."

"ತಲೆ ಕೆಟ್ಟಿದೆಯಾ? ನಿಮ್ಮ ವಂಶದಲ್ಲೇ ಇದೆಯಾ ಇದು?"

ಅದೊಂದು ಮಾತು ಅವರು ಆಡಬಾರದಿತ್ತು. ಅಕ್ಟೋಬರಿನಿಂದ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಏಳೂ ಇಪ್ಪತ್ತು, ಏಳೂ ಮೂವತ್ತೈದು, ಎಂಟೂ ನಲವತ್ತು, ಎಲ್ಲವನ್ನೂ ಎಲ್ಲರ ಮುಂದೆ ಹೇಳಿದೆ. ಅವರು ಮಾಡಿದ್ದನ್ನೂ, ನಾನು ಮಾಡಿದ್ದನ್ನೂ. ಎಂಜಲು ಹಾರುತ್ತಿತ್ತು, ನೋಡಲು ಚೆನ್ನಾಗಿರಲಿಲ್ಲ. ಆಮೇಲೆ ಕೇಳಿದೆ, "ಇನ್ನು ಯಾರ್ಯಾರು ಆ ಕೋಣೆಗೆ ಹೋಗಿ ಮಾತಾಡಿದೀರಿ?" ಒಂದೊಂದೇ ಕೈ ಮೇಲೆದ್ದಿತು. ದೀಪದವನು. ದರ್ಜಿ. ಹಿರಿಯ ನಟ, ನಲವತ್ತು ವರ್ಷದಿಂದ ಎಲ್ಲರನ್ನೂ ನಗಿಸಿದವರು, ಅವರೂ. ಒಟ್ಟು ಏಳು.

ಏಳು ಜನರನ್ನೂ ಕರೆದುಕೊಂಡು ಕೌನ್ಸೆಲರ್ ಕೋಣೆಗೆ ಹೋದೆ. ಆಕೆ ಮೊದಲು, "ಸಂಸ್ಥೆ ಜೊತೆ ಒಪ್ಪಂದದಲ್ಲೇ ವರದಿ ಕೊಡಬೇಕು ಅಂತಿದೆ" ಅಂದಳು. ಹಿರಿಯ ನಟರು ಮೆಲ್ಲಗೆ, "ಅದನ್ನ ನಾನು ಬಾಯಿ ಬಿಡೋಕೆ ಮುಂಚೆ ಹೇಳಬೇಕಿತ್ತಲ್ಲಮ್ಮ. ನನ್ನ ಹೆಂಡತಿಗೂ ಗೊತ್ತಿಲ್ಲದ್ದನ್ನ ನಿಮಗೆ ಹೇಳ್ಬಿಟ್ಟೆ" ಅಂದರು. ಆಕೆ ಎದ್ದಳು. ಬೀರು ತೆಗೆದು ಒಬ್ಬೊಬ್ಬರ ಫೈಲನ್ನೂ ಅವರವರ ಕೈಗೇ ಕೊಟ್ಟಳು.

ನಾಲ್ಕು ದಿನ ಯಾರೂ ತಾಲೀಮಿಗೆ ಬರಲಿಲ್ಲ. ಐದನೆಯ ದಿನ ಸಮಿತಿ ಮಣಿಯಿತು. ಇನ್ನು ಮುಂದೆ ವರದಿ ಇಲ್ಲ. ಕೌನ್ಸೆಲರನ್ನು ಹೊರಗಿನಿಂದ ಕಲಾವಿದರೇ ಆರಿಸಬೇಕು, ಸಂಸ್ಥೆಯ ಕಟ್ಟಡದಲ್ಲಿ ಕೂರಿಸಬಾರದು. ಬರಹದಲ್ಲಿ ಕೊಟ್ಟಿದ್ದಾರೆ. ಮೇಷ್ಟ್ರು ಮಾತ್ರ ಮೇಷ್ಟ್ರಾಗಿಯೇ ಇದ್ದಾರೆ. ನನ್ನನ್ನು ತೆಗೆದರು. ತಾಲೀಮಿನಲ್ಲಿ ಶಿಸ್ತು ಮುರಿದೆನಂತೆ. ಹೊಸ ಹುಡುಗಿ ಪಾತ್ರ ಬೇಡ ಅಂದು ಊರಿಗೆ ಹೋದಳು.

ನಿನ್ನ ಫೈಲು ಇದರ ಜೊತೆಗಿದೆ. ಬೇರೆ ಪ್ರತಿ ಇಲ್ಲ, ನಾನೇ ಹುಡುಕಿ ನೋಡಿದ್ದೇನೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಮತ್ತೆ ನಿನ್ನಿಂದಲೇ ಏನೋ ಕಿತ್ತುಕೊಂಡ ಹಾಗಾಗುತ್ತದೆ.

ಅಕ್ಕ

—

ಜೂನ್ ೨೩

ಅಕ್ಕಾ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮೊದಲ ದಿನ ಚಿಕ್ಕಮ್ಮನ ಎರಡು ಲೋಟ ಒಡೆದೆ. ಅವಳು ಮೂರನೆಯದನ್ನು ತಂದು ಪಕ್ಕದಲ್ಲಿಟ್ಟಳು. ಅದನ್ನು ಒಡೆಯಲು ಮನಸ್ಸಾಗಲಿಲ್ಲ.

"ಐದು ನಿಮಿಷ ಇದೆ." ಆ ಮಾತು ನನಗೆ ಮರೆತೇಹೋಗಿತ್ತು. ಈಗ ಇಡೀ ದಿನ ಕಿವಿಯಲ್ಲಿ ಕೂತಿದೆ. ಆ ಐದು ನಿಮಿಷದಲ್ಲಿ ನಾನು ತುಟಿಗೆ ಬಣ್ಣ ಸರಿಮಾಡಿಕೊಂಡೆ, ಯಾರದೋ ಜೋಕಿಗೆ ನಕ್ಕೆ. ಅಲ್ಲಿ ಅಪ್ಪ ಬಾಗಿಲ ಕಡೆ ನೋಡುತ್ತಿದ್ದರಂತೆ. ಚಿಕ್ಕಮ್ಮನನ್ನು ಕೇಳಿದೆ, ಹೆಸರು ಕರೆದರಾ ಅಂತ. ಇಲ್ಲವಂತೆ. ಮಾತು ಯಾವಾಗಲೋ ನಿಂತಿತ್ತಂತೆ. ಮೇಷ್ಟ್ರು ಅದನ್ನೂ ಸುಳ್ಳೇ ಹೇಳಿದ್ದರು. ಅವರು ಕಟ್ಟಿದ ಸುಳ್ಳಿಗೆ ನಾನು ಮೂವತ್ತೊಂದು ಸಲ ಸತ್ತೆ.

ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ಬರೆಯಲು ಕೂತರೆ ಪೆನ್ನಿನ ಮುಳ್ಳು ಕಾಗದ ಹರಿಯುತ್ತದೆ. ನೀನು ಎಲ್ಲರ ಮುಂದೆ ದೀಪ ಹಾಕಿದ್ದು ಒಳ್ಳೆಯದಾಯಿತು. ಆ ಹುಡುಗಿಗೆ ಒಳ್ಳೆಯದಾಯಿತು. ನನಗೆ ಎಂಟು ತಿಂಗಳು ತಡವಾಯಿತು. ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಮಂಗಳವಾರ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. "ಇಷ್ಟು ಸಿಟ್ಟು ಇಟ್ಕೊಂಡು ಏನು ಮಾಡ್ತೀರಿ?" ಅಂದಳು. ಗೊತ್ತಿಲ್ಲ ಅಂದೆ. "ಯಾರ ಮೇಲಿದೆಯೋ ಅವರನ್ನ ಕರ್ಕೊಂಡು ಬನ್ನಿ, ಇಲ್ಲೇ ಕೂತು ಬೈಯಿರಿ. ನಾನಿರ್ತೀನಿ. ಹೊರಗೆ ಬೆಂಚಿನವರಿಗೆ ಕೇಳಿಸುತ್ತೆ, ಸ್ವಲ್ಪ ಮೆಲ್ಲಗೆ" ಅಂದಳು.

ಮುಂದಿನ ಮಂಗಳವಾರ ಹತ್ತೂವರೆಗೆ. ಈಗ ನಿನಗೆ ಕೆಲಸವಿಲ್ಲ, ನೆಪವೂ ಇಲ್ಲ. ಸೋಮವಾರವೇ ಬಂದುಬಿಡು. ಚಿಕ್ಕಮ್ಮ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ, ಯಾರಿಗೆ ಅಂತ ನಾನು ಕೇಳಿಲ್ಲ.

ಕ್ಷಮಿಸಿದ್ದೇನೆ ಅಂದುಕೊಂಡು ಬರಬೇಡ. ಬೈಸಿಕೊಳ್ಳಲು ಬಾ. ತುಂಬಾ ಇದೆ, ಒಂದು ಮಂಗಳವಾರಕ್ಕೆ ಮುಗಿಯುವುದಿಲ್ಲ. ಹೆಚ್ಚು ಬಟ್ಟೆ ತಗೊಂಡು ಬಾ.

ಜೀರುಂಡೆ